ಫಾರಿನರ್ ರೇಟು

ಶಂಕರಘಟ್ಟದ ಹಾಸ್ಟೆಲ್ ಗೇಟಿನಲ್ಲಿ ಬೆಳಗಿನ ಆರಕ್ಕೇ
ಗುತ್ಯಪ್ಪನ ಓಮ್ನಿ ಬಂದು ಕೆಮ್ಮಿತು.
ರೂಮಿನ ಗೆಳತಿ, ಭದ್ರಾವತಿಯ ಶೈನಾಜ್,
ಅಂಗೈ ಮೇಲೆ ನೀಲಿ ಪೆನ್ನಲ್ಲಿ ಪಟ್ಟಿ ಬರೆದಿದ್ದಳು:
ಸಿಂಹಧಾಮ, ಇಕ್ಕೇರಿ, ಜೋಗ.
"ಬೆವರಿಗೆ ಅಳಿಸೋದ್ರೊಳಗೆ ಮುಗಿಸಬೇಕು ನಬ್ರಾ, ಹತ್ತು."

ತ್ಯಾವರೆಕೊಪ್ಪದ ಕೌಂಟರಿನಾತ ನನ್ನ ಮುಖ ನೋಡಿ
ಬೇರೆ ಟಿಕೆಟ್ ಪುಸ್ತಕ ತೆಗೆದ.
"ಎರಡು ವರ್ಷದಿಂದ ಇಲ್ಲೇ ಇದೀನಣ್ಣ,
ಹಾಸ್ಟೆಲ್ ಸಾರು ಕುಡಿದು ಬದುಕಿದೀನಿ" ಅಂದೆ.
ನಕ್ಕ.
ಪುಸ್ತಕ ಬದಲಾಯಿಸಲಿಲ್ಲ.

"ನಿಮ್ ಕಡೆ ಇವು ಬೀದೀಲೆ ಓಡಾಡ್ತಾವಂತಲ್ಲ?"
ಜಾಲರಿ ಬಸ್ಸಿನಲ್ಲಿ ಯಾರೋ ಕೇಳಿದರು.
ನಾನು ಹುಟ್ಟಿದ ಸುಡಾನಿನ ಹೊಸ ಹಲ್ಫಾದಲ್ಲಿ
ಕತ್ತೆಗಳಿವೆ, ಹತ್ತಿ ಹೊಲಗಳಿವೆ, ಬೇಕಾದಷ್ಟು ಸೊಳ್ಳೆ.
ಹುಟ್ಟಿದಮೇಲೆ ಮೊದಲ ಸಿಂಹ ಕಂಡದ್ದು
ಸಾಗರ ರಸ್ತೆಯ ಪಕ್ಕದಲ್ಲಿ:
ಮರದ ನೆರಳಲ್ಲಿ ಬಿದ್ದುಕೊಂಡು
ಒಂದೇ ಕಿವಿಯಲ್ಲಿ ನೊಣ ಓಡಿಸುತ್ತಿತ್ತು,
ಪರೀಕ್ಷೆ ಮುಗಿದ ಹುಡುಗನ ಹಾಗೆ.

ಇಕ್ಕೇರಿಯಲ್ಲಿ ಕಲ್ಲು ತಂಪು.
ನೆಲದ ಮೇಲೆ ನಾಯಕರು ಕೆತ್ತಿಸಿಕೊಂಡು ಅಡ್ಡಬಿದ್ದಿದ್ದಾರೆ.
ಎಷ್ಟು ಪಾದ ಹಾದವೋ, ಮೂಗು ಸವೆದಿದೆ.
ತುಳಿಯಲಾರದೆ ಗೋಡೆಗಂಟಿ ನಡೆದೆ.
ತುಳಿಯಲೆಂದೇ ಮಲಗಿದವರನ್ನು ತುಳಿಯದಿರುವುದು
ಮರ್ಯಾದೆಯೋ ಅವಮರ್ಯಾದೆಯೋ,
ಶೈನಾಜಳಿಗೂ ಗೊತ್ತಿರಲಿಲ್ಲ.

ಜೋಗದಲ್ಲಿ ನೀರಿರಲಿಲ್ಲ. ಏಪ್ರಿಲ್ ಕೊನೆ.
ರಾಜ ಒಂದೆಳೆ ನೂಲು, ರಾಣಿ ಬಂಡೆಯ ಮೇಲಿನ ಒದ್ದೆ ಗೆರೆ,
ಉಳಿದಿಬ್ಬರು ಬರೀ ಹೆಸರು.
ಅಷ್ಟು ದೂರದಿಂದ ಬಂದವರು ಏನು ಮಾಡಬೇಕು?
ಬೆನ್ನು ತಿರುಗಿಸಿದರು. ನಾನು ಸಿಕ್ಕೆ.
"ಮೇಡಂ ಒಂದ್ ಸೆಲ್ಫಿ."
ರಾಣೆಬೆನ್ನೂರಿನ ಒಂದು ಕುಟುಂಬ, ಒಂದಿಡೀ ಕ್ರಿಕೆಟ್ ಟೀಮು,
ನನ್ನ ಕೂದಲು ಹಿಡಿದು ಬಿಡದ ಕೂಸು.
ಹನ್ನೆರಡರವರೆಗೆ ಎಣಿಸಿದೆ. ಆಮೇಲೆ
ಹಲ್ಲು ತೋರಿಸಿ ನಿಲ್ಲುವುದೇ ಕೆಲಸವಾಯಿತು.
ಎಲ್ಲರ ಫೋನಿನಲ್ಲೂ ಈಗ
ನನ್ನ ಭುಜದ ಹಿಂದೆ ಒಣ ಬಂಡೆಯಿದೆ.

ಚುರುಮುರಿ ತಿನ್ನುತ್ತ ನಿಂತಿದ್ದ ಗುತ್ಯಪ್ಪ
ಕಾಗದ ಮುದುರಿ ಜೇಬಿಗೆ ಹಾಕಿಕೊಂಡ.
"ನೀರು ಇಲ್ಲೆಲ್ಲೈತಿ. ನೀರಿರೋದು ಹಿಂದೆ.
ಬರ್ರಿ, ದುಡ್ಡು ಬ್ಯಾಡ."

ತಾಳಗುಪ್ಪ ದಾಟಿ ಮಣ್ಣುದಾರಿ, ಆಮೇಲೆ ದಾರಿಯೂ ಇಲ್ಲ.
ಹಿನ್ನೀರು ಇಳಿದು ಒಡೆದ ಕೆಸರು.
ಸಾಲು ಸಾಲು ಕರೀ ಮೋಟುಮರ,
ನಡುವೆ ಮೆಟ್ಟಿಲಿನಂತಹದೇನೋ, ಎತ್ತಲೂ ಹತ್ತದ್ದು.
"ಅಜ್ಜನ ಕಣ ಅಲ್ಲಿ. ಇದು ಯಾರ್ದೋ ಅಡಿಗೆಮನೆ."
ಕಾಲಿನಿಂದ ಕೆಸರು ಸರಿಸಿದ. ಒರಳು.
ಭಾರ ಅಂತ ಬಿಟ್ಟು ಹೋಗಿದ್ದಾರೆ.
"ಅರವತ್ನಾಲ್ಕರಲ್ಲಿ" ಅಂದ.

ಅದೇ ಇಸವಿ.
ನನ್ನ ಅಜ್ಜಿ ಹಳೆಯ ಹಲ್ಫಾದಲ್ಲಿ
ಮನೆಗೆ ಬೀಗ ಹಾಕಿ ರೈಲು ಹತ್ತಿದಳು.
ನೈಲಿಗೆ ಅಡ್ಡ ಅಣೆಕಟ್ಟು ಏಳುತ್ತಿತ್ತು.
ಬಾಗಿಲ ಮೇಲೆ, ಗೋಡೆಗೆ ಮೆತ್ತಿದ್ದ ಪಿಂಗಾಣಿ ತಟ್ಟೆಗಳನ್ನು
ಕೀಳಲಾಗಲಿಲ್ಲವಂತೆ.
ಮೀನು ಉಣ್ಣಲಿ ಅಂದಳಂತೆ.
ಬೀಗದಕೈ ನಮ್ಮನೆಯಲ್ಲಿದೆ. ಯಾತಕ್ಕೂ ಹೊಂದುವುದಿಲ್ಲ.

ಇದನ್ನೆಲ್ಲ ನನ್ನ ಹರಕು ಕನ್ನಡದಲ್ಲಿ
ಹಿಂದುಮುಂದಾಗಿ ಹೇಳಿದೆ.
ಗುತ್ಯಪ್ಪ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಕೇಳಿದ:
"ನಿಮಗೆ ಪರಿಹಾರ ಎಕರೆಗೆ ಎಷ್ಟು ಕೊಟ್ರು?"

ಗೊತ್ತಿರಲಿಲ್ಲ. ಅಲ್ಲಿ ಯಾರೂ ಫೋಟೋ ತೆಗೆಯಲಿಲ್ಲ.
ಶೈನಾಜಳ ಅಂಗೈಯಲ್ಲಿ ಜೋಗದ ಗಕಾರ ಮಾತ್ರ ಉಳಿದಿತ್ತು.

ರಾತ್ರಿ ಟೆರೇಸಿನ ಮೂಲೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ
ಏನೇನು ನೋಡಿದೆ ಅಂದಳು ಅಮ್ಮ.
ಸಿಂಹ, ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ.
ಆಮೇಲೆ ಒಂದು ಒರಳು...
ಅರಬ್ಬಿಯ ಮಾತು ನಾಲಿಗೆಗೆ ಬಂತು,
ಅಜ್ಜಿಯ ಮಾತು ಬರಲಿಲ್ಲ.
ಏನಂತಿದ್ದರಮ್ಮಾ ಅದಕ್ಕೆ, ಹಳೆಯ ಹಲ್ಫಾದಲ್ಲಿ?
ಅವಳು ಹೇಳಿದಳು. ಇನ್ನೊಮ್ಮೆ ಹೇಳಿದಳು, ಬಿಡಿಸಿ.
ಮರೆಯುವ ಮುನ್ನ
ಬಸ್ ಟಿಕೆಟಿನ ಬೆನ್ನ ಮೇಲೆ ಬರೆದುಕೊಂಡೆ,
ಕೈಗೆ ಮೊದಲು ಸಿಕ್ಕ
ಕನ್ನಡ ಅಕ್ಷರದಲ್ಲಿ.