ಜಾರ್ ನಂಬರ್ ನಾಲ್ಕು

ಇವತ್ತಿನ ನೀರು ಕುಂಕುಮದ್ದು.
ನಿನ್ನೆ ನವಿಲುಗರಿ, ಮೊನ್ನೆ ಸ್ಕೂಲ್ ಯೂನಿಫಾರ್ಮಿನ ನೀಲಿ.
ಹಾಸನದ ಈ ಡೈ ಹೌಸು ಯಾವ ಆರ್ಡರು ಹಿಡಿದಿದೆಯೆಂದು
ಮೊದಲು ಗೊತ್ತಾಗುವುದು ಚರಂಡಿಗೆ,
ಆಮೇಲೆ ನನಗೆ.

ಆ್ಯಸಿಡ್ಡು ತೊಟ್ಟು ತೊಟ್ಟು, ಪಿಎಚ್ ಮೂರಕ್ಕಿಳಿಯಲಿ.
ಚಿಟಿಕೆ ಕಬ್ಬಿಣದುಪ್ಪು. ಆಮೇಲೆ ಪೆರಾಕ್ಸೈಡು,
ಸಲೂನಿನ ಲೋಕೋಜಿ ಕೂದಲು ಕೆಂಚು ಮಾಡುವುದರ ದೊಡ್ಡಪ್ಪ,
ಮುಂಗೋಪಿ.
ಜಾರು ಬೆಚ್ಚಗಾಗುತ್ತದೆ. ನೊರೆ.
ಒಳಗೆ ಯಾರೋ ಕೂತು ಹೊಲಿಗೆ ಬಿಚ್ಚುತ್ತಿರುವಂತೆ
ಕುಂಕುಮ ಕಿತ್ತಳೆಯಾಗಿ, ಕಿತ್ತಳೆ ತೆಳು ಟೀಯಾಗಿ,
ಟೀ ಬರೀ ನೀರಾಗಿ.
ನಲವತ್ತು ನಿಮಿಷ.
ನಡುವೆ ಕರೆಂಟು ಹೋಗಿ ಯುವಿ ದೀಪ ಆರಿತೋ,
ಲೆಕ್ಕ ಮೊದಲಿಂದ.

ಫಿರ್ದೋಸ್ ಮೇಡಂ ರಿಜಿಸ್ಟರಿನಲ್ಲಿ
'ಬಣ್ಣ: ಇಲ್ಲ' ಎಂದು ಬರೆದು ಸಹಿ ಹಾಕಿದರು.
ತಳದಲ್ಲಿ ತುಕ್ಕಿನ ಕೆಸರು. ಅದಕ್ಕೆ ಕಾಲಂ ಇಲ್ಲ,
ಚೀಲಗಳು ಶೆಡ್ಡಿನ ಹಿಂದೆ ಶೀಟು ಮುಟ್ಟಿವೆ.

ಬೇಲಿಯಾಚೆ ಜವರಮ್ಮ, ಕೈಯಲ್ಲಿ ಎಮ್ಮೆಯ ಹಗ್ಗ.
'ಹಳ್ಳ ತಿಳಿಯಾಗದಲ್ಲಪ್ಪ. ಇನ್ಮೇಲೆ ಕುಡಿಸಬಹುದಾ?'
ಬಾಯಿಗೆ ಬಂದ ಹೂಂ ನುಂಗಿಕೊಂಡೆ.
ಎಮ್ಮೆ ಕತ್ತು ಚಾಚಿ ಮೂಸಿತು,
ಕಿವಿ ಒದರಿತು,
ನೀರು ಬಿಟ್ಟು ನನ್ನನ್ನೇ ನೋಡಿತು.

ಒಳಗೆ ಬಂದು
ಐದನೇ ಜಾರು ತೊಳೆದೆ.