ಎರಡು ಗಂಟೆ ಕೂರಬೇಕು

ಗ್ಲೂಕೋಸ್ ನೀರು ಕುಡಿದು ಮುಖ ಕಿವುಚಿದಳು ಶಾಫಿಯಾ.
"ಓಡಾಡಬ್ಯಾಡ, ಏನೂ ತಿನ್ನಬ್ಯಾಡ,
ಎರಡು ಗಂಟಿ ಕೂರಬೇಕು" ಅಂದರು ಸಿಸ್ಟರ್.
ದಾವಣಗೆರೆಯ ದೊಡ್ಡಾಸ್ಪತ್ರೆಯ ಕಬ್ಬಿಣದ ಬೆಂಚು.
ಎದುರಿಗೆ ಬೋರ್ಡು: ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ.
ನನ್ನ ಮಡಿಲಲ್ಲಿ ಅವಳ ತಾಯಿ ಕಾರ್ಡು,
ನನ್ನ ಮಾತ್ರೆ ಡಬ್ಬಿ.

ಕಾರ್ಡು ಕೇಳುತ್ತದೆ:
ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ?
ತಾಯಿಗೆ, ಅಂತ ಬರೆದಿದ್ದಾರೆ. ಅಂದರೆ ನನಗೆ.
ನನಗೆ ಎಲ್ಲಿಂದ ಬಂತು?
ಆ ಕಡೆ ಈ ಕಡೆ ಏಳು ಮನೆ ಹುಡುಕಿದರೂ ಒಬ್ಬರಿಗಿಲ್ಲ.
ನಮ್ಮಮ್ಮಿ ಜೈತುನ್‌ಬಿ ಅಂತೂ
ಸಾಯುವಾಗ ಮೂವತ್ತೆಂಟು ಕಿಲೋ,
ಚಹಾಕ್ಕೆ ಸಕ್ಕರೆ ಬಿದ್ದದ್ದೇ ಹಬ್ಬಕ್ಕೆ.

ರಕ್ತ ತೆಗೆಯುವ ಹುಡುಗಿ, ಹರಿಹರದವಳು,
ಮೊನ್ನೆ ಜನ ಕಮ್ಮಿ ಇದ್ದಾಗ ಕೇಳಿದಳು:
"ನೀವು ಹುಟ್ಟಿದಾಗ ಎಷ್ಟು ತೂಕ ಇದ್ರಿ, ಅಕ್ಕ?"
ಯಾರೂ ಕೇಳಿರಲಿಲ್ಲ. ಆದರೆ ನನಗೆ ಗೊತ್ತು.
ಭಟ್ಟಿಯ ಅಕ್ಕಿ ತಕ್ಕಡಿಯಲ್ಲೇ ತೂಗಿದ್ದಳಂತೆ ಸೂಲಗಿತ್ತಿ:
ಒಂದೂವರೆ ಕಿಲೋ ಬಟ್ಟು,
ಸರಿತೂಗಲು ಮೇಲೊಂದು ಉಪ್ಪಿನ ಪೊಟ್ಟಣ.

ಒಂಬತ್ತು ತಿಂಗಳೂ ಅಮ್ಮಿ ಮಂಡಕ್ಕಿ ಭಟ್ಟಿಯ ಮುಂದೆ.
ಹೊಟ್ಟು ಸಾಲದ ದಿನ ಒಲೆಗೆ ಹಳೇ ಟೈರು.
ಕಾದ ಮರಳಿಗೆ ಉಪ್ಪುಂಡ ಅಕ್ಕಿ,
ಪೊರಕೆಯಲ್ಲಿ ಎರಡು ಸುತ್ತು,
ಜರಡಿಗೆ ಎತ್ತು, ಕೊಡವು, ಮತ್ತೆ ಮರಳು.
ಬೆಳಗಿನ ಮೂರಕ್ಕೆ ಶುರು,
ಹನ್ನೊಂದಕ್ಕೆ ಒಂದು ಮುಷ್ಟಿ ಅದೇ ಮಂಡಕ್ಕಿ, ಒಂದು ಹಸಿಮೆಣಸಿನಕಾಯಿ.
ಅಬ್ಬಾಗೆ ಆ ವರ್ಷ ಮಿಲ್ಲಲ್ಲಿ ಕೆಲಸವಿರಲಿಲ್ಲ.

ಒಳಗೆ ಕೂತ ನಾನು ಲೆಕ್ಕ ಹಾಕಿರಬೇಕು:
ಹೊರಗೆ ಹೀಗೇ ಇರುತ್ತದೆ,
ಹೊಗೆ, ಅರೆಹೊಟ್ಟೆ, ಅಮ್ಮಿಯ ಎದೆಯ ದಡಬಡ.
ಬಂದದ್ದನ್ನು ಬಿಡಬೇಡ. ಕೂಡಿಡು.
ಉಸಿರಾಡುವುದಕ್ಕೂ ಮೊದಲು ಜಿಪುಣತನ ಕಲಿತೆ.
ಬಂದು ನೋಡಿದರೆ, ಬರಬರುತ್ತ, ಲೋಕ ಬೇರೆ:
ಸೊಸೈಟಿ ಅಕ್ಕಿ, ಸಂಜೆಯ ಮಿರ್ಚಿ, ಬೆಣ್ಣೆ ದೋಸೆ,
ಚಹಾಕ್ಕೆ ಎರಡು ಚಮಚ.
ಮೈ ಮಾತ್ರ ಹಳೇ ಲೆಕ್ಕದ ಪುಸ್ತಕ ಬಿಡಲಿಲ್ಲ.

"ವಂಶದ ಅಕ್ಷರ ಒಂದೂ ಬದಲಾಗಿಲ್ಲ ಅಕ್ಕ,
ಯಾವುದು ತೆರೀಬೇಕು, ಯಾವುದು ಮುಚ್ಚಬೇಕು, ಅಷ್ಟೇ."
ಅಷ್ಟೇ, ಅಂದದ್ದು ನನಗೆ ಚೆನ್ನಾಗಿ ತಿಳಿಯಿತು.
ಒಂದೇ ಗದ್ದೆಯ, ಒಂದೇ ಚೀಲದ ಅಕ್ಕಿ;
ಮರಳು ಹದವಾಗಿದ್ದರೆ ಮಲ್ಲಿಗೆ ಹಾಗೆ ಅರಳುತ್ತದೆ,
ಇಲ್ಲದಿದ್ದರೆ ಜರಡಿಯಡಿ ಉದುರುತ್ತದೆ ಗಟ್ಟಿಯಾಗಿ.
ಅದನ್ನು ಕೋಳಿಗೆ ಹಾಕುತ್ತಿದ್ದೆವು.

ಇನ್ನೊಂದು ಹೇಳಿದಳು. ಆವತ್ತಿಂದ ನನಗೆ ನಿದ್ದೆಯಿಲ್ಲ.
ಹೆಣ್ಣುಕೂಸು ಹೊಟ್ಟೆಯಲ್ಲಿರುವಾಗಲೇ
ಅದು ಮುಂದೆ ಹೆರುವ ಮಕ್ಕಳ ಬೀಜವೂ ಅದರೊಳಗೆ ಇರುತ್ತದಂತೆ.
ಹಾಗಾದರೆ ಶಾಫಿಯಾ,
ನೀನೂ ಕೂತಿದ್ದೆ ಆ ಭಟ್ಟಿಯ ಮುಂದೆ,
ನನ್ನೊಳಗೆ ನೀನು, ಅಮ್ಮಿಯೊಳಗೆ ನಾನು,
ಮೂವರಿಗೂ ಸೇರಿ ಒಂದೇ ಕೂಲಿ.

ಕಾರ್ಡಿನಲ್ಲಿ ತಾಯಿಗೆ ಕಾಲಂ ಇದೆ, ಭಟ್ಟಿಗೆ ಇಲ್ಲ.
ಟೈರು ತಂದು ಸುರಿದವನ ಹೆಸರಿಗೂ ಜಾಗವಿಲ್ಲ.
ಬಸುರಿ ಸರಿಯಾಗಿ ಉಣ್ಣಲಿಲ್ಲ, ಅಂತ ಮುಗಿಸುತ್ತಾರೆ.
ಉಣ್ಣಲಿಲ್ಲ ಅನ್ನುವುದಕ್ಕೂ
ಉಣ್ಣಲು ಇರಲಿಲ್ಲ ಅನ್ನುವುದಕ್ಕೂ ನಡುವೆ
ಒಂದು ಊರೇ ಇದೆ, ಅದರ ಹೊಗೆ ನಾನು ಕುಡಿದಿದ್ದೇನೆ.

ಐದನೇ ತಿಂಗಳಿಗೇ ಇವಳನ್ನು ಆ ಓಣಿಯಿಂದ ಎಬ್ಬಿಸಿ
ನಿಟ್ಟುವಳ್ಳಿಗೆ, ನನ್ನ ತಂಗಿಯ ಮನೆಗೆ ಕಳಿಸಿದೆ.
ದಿನಾ ಎರಡು ಮೊಟ್ಟೆ. ಓಲೆ ಅಡವಿದೆ.
ಸಾಕಾ? ಹರಿಹರದ ಹುಡುಗಿಗೂ ಗೊತ್ತಿಲ್ಲ.

"ಅಮ್ಮಿ, ಇಲ್ಲಿ" ಅಂತ ನನ್ನ ಕೈ ಎಳೆದು
ಹೊಟ್ಟೆಯ ಮೇಲಿಟ್ಟಳು ಶಾಫಿಯಾ.
ಒದೆಯುತ್ತಿದೆ. ಸಿಹಿ ಮುಟ್ಟಿರಬೇಕು.
ನಾನು ಬಗ್ಗಿ, ಸಿಸ್ಟರಿಗೆ ಕೇಳದ ಹಾಗೆ ಹೇಳಿದೆ:
ಲೆಕ್ಕ ಬರೆದುಕೊಳ್ಳಬೇಡ ಕೂಸೇ,
ಹೊರಗೆ ಹೀಗೇನೂ ಇರುವುದಿಲ್ಲ,
ಇದು ಬರೀ ಪರೀಕ್ಷೆಯ ಸಕ್ಕರೆ.