ಐದು ಕೇಜಿ ಕಲ್ಲು

ಫಾದರ್ ಇನ್ನೂ ಹುಡುಗ,
ನನ್ನ ಕಿರಿಮಗನಿಗಿಂತ ಎರಡು ವರ್ಷ ಚಿಕ್ಕವನು.
ಜಾಳಿಗೆಯ ಆಚೆ ಅವನ ಉಸಿರು,
ಈಚೆ ನನ್ನ ಮಂಡಿನೋವು.
ಹಿಂದಿನ ಪಾಪನಿವೇದನೆ ಯಾವಾಗ, ಎಂದ.
ಪ್ರತಿ ಈಸ್ಟರಿಗೂ ಮಾಡಿದ್ದೇನೆ ಸ್ವಾಮಿ,
ಸುಳ್ಳು, ಸಾರಾಯಿ, ಹೆಂಡತಿಗೆ ಬೈದದ್ದು,
ಚಿಲ್ಲರೆಯೆಲ್ಲ ಎಣಿಸಿ ಕೊಟ್ಟಿದ್ದೇನೆ.
ನೋಟು ಮಾತ್ರ ಒಳಜೇಬಿನಲ್ಲೇ ಇತ್ತು.

ಮಿಲ್ಲಿನ ಸೈರನ್ನಿಗೆ ದಾವಣಗೆರೆ
ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲ.
ನಾನು ಬಾಯ್ಲರಿನ ಇನ್ನಾಸಪ್ಪ.
ಗಂಜಿ ಖಾತೆಗೆ ಹಬೆ ಸಾಲದೆಂದು
ಮೇಸ್ತ್ರಿ ಬಾಯಿ ಮಾಡಿದ ರಾತ್ರಿ
ಸೇಫ್ಟಿ ವಾಲ್ವು ಪದೇ ಪದೇ ಬಾಯಿ ತೆರೆದು
ಸುಯ್ ಅನ್ನುತ್ತಿತ್ತು.
ಅದರ ತೋಳಿಗೊಂದು ಐದು ಕೇಜಿ ತೂಕದ ಕಲ್ಲು
ನೇತುಹಾಕಿದೆ.
ಸುಮ್ಮನಾಯಿತು.
ಗೇಟಿನಾಚೆ ಚಹಾಕ್ಕೆ ಹೋದೆ.
ಬೆಂಕಿಯ ಮುಂದೆ ಬುಡೇನ್ ಸಾಬನಿದ್ದ.

ಅರ್ಧ ಗ್ಲಾಸು ಬಾಕಿಯಿತ್ತು.

ಓಡಿ ಬಂದವನು ಮೊದಲು ಹುಡುಕಿದ್ದು
ಅವನನ್ನಲ್ಲ, ಕಲ್ಲನ್ನು.
ಟವೆಲಿನಲ್ಲಿ ಸುತ್ತಿ ಬುತ್ತಿಚೀಲಕ್ಕೆ ಹಾಕಿದೆ,
ಇನ್ನೂ ಸುಡುತ್ತಿತ್ತು.
ವಿಚಾರಣೆಯಲ್ಲಿ, ಬುಡೇನ್ ನಿದ್ದೆಹೋಗಿದ್ದ, ಎಂದೆ.
ಸತ್ತವನು ಅಡ್ಡ ಮಾತಾಡಲಿಲ್ಲ.
ಪರಿಹಾರ ಅರ್ಧಕ್ಕೆ ಇಳಿಯಿತು.
ನನ್ನ ಫಿಲೋಮಿನಾ
ಗಾಳಿಗೆ ಬಡಿಯುವ ಬಾಗಿಲಿಗೆ ಅದನ್ನೇ ಒತ್ತಿಟ್ಟು
ಒಳ್ಳೇ ಕಲ್ಲು ತಂದಿರಿ, ಎಂದಳು.
ಮೂವತ್ತೊಂದು ವರ್ಷ ಅದನ್ನು ದಾಟಿಯೇ
ಒಳಗೆ ಬಂದೆ, ಹೊರಗೆ ಹೋದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಕೈ ಎತ್ತಿದ, ಹೇಳಬೇಕಾದ್ದು ಹೇಳಿದ. ಮುಗಿಯಿತು.
ಇಷ್ಟೇನಾ?
ಸೀಮೆಎಣ್ಣೆಗೆ ಇದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೇನೆ.
ನಂಬಲಾಗದೆ ಮತ್ತೆ ಮೊದಲಿಂದ ಶುರುಮಾಡಿದೆ.
ತೀರಿದ ಸಾಲ ಬ್ಯಾಂಕಿನವರೂ
ಎರಡನೇ ಸಲ ಕಟ್ಟಿಸಿಕೊಳ್ಳಲ್ಲ ಅಜ್ಜ, ಎಂದ.
ಆಮೇಲೆ ಮೆಲ್ಲಗೆ,
ಅವನ ಹೆಂಡತಿ ಇದ್ದಾಳಾ?

ಇದ್ದಾಳೆ. ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ,
ಹೊಗೆ ಸರಿಸಿದರೆ ಖಾಸಿಂಬಿ.
ಹೇಳಿದೆ. ನಿಂತೇ ಹೇಳಿದೆ, ಎಲ್ಲ.
ಅವಳ ಕೈ ನಿಲ್ಲಲಿಲ್ಲ,
ನಿಂತರೆ ಅಕ್ಕಿ ಸೀದುಹೋಗುತ್ತದೆ.
ಇಗರ್ಜಿಯಲ್ಲಿ ಹಿಮದ ಬಿಳುಪಿನ ಮಾತು ಕೇಳಿದ್ದೆ,
ಹಿಮ ಕಂಡವರಾರು ಈ ಊರಲ್ಲಿ?
ನಮಗೆ ಬಿಳುಪೆಂದರೆ ಇದು,
ಕಾದ ಮರಳಿನಲ್ಲಿ ಚಟಪಟ ಸಿಡಿದು
ಜರಡಿಯ ಮೇಲೆ ಉಳಿಯುವುದು.

ಜರಡಿ ಕೆಳಗಿಟ್ಟಳು.
"ನಿದ್ದೆಸಾಬನ ಮಗ ಅಂತಿದ್ರು ನನ್ನ ಹುಡುಗನ್ನ, ಇಸ್ಕೂಲಲ್ಲಿ.
ಆರನೇತ್ತಿಗೆ ಬಿಟ್ಟ.
ಈಗ ಹೇಳಿದ್ಯಲ್ಲ, ಅದನ್ನ ಬರ್ದು ಕೊಡು,
ಛಾಪಾ ಕಾಗದದ ಮ್ಯಾಲೆ. ನಿನ್ನ ರುಜು ಹಾಕು."
ಕೊಡುತ್ತೇನೆ ಎಂದೆ. ಜೈಲಾದರೂ ಸರಿ, ಎಂದೆ.
ಮತ್ತೆ, ತಡೆಯಲಾಗದೆ,
ಮಾಫಿ?
"ಮ್ಯಾಗಿನೋನ ಹತ್ರ ಇಸ್ಕೊಂಡು ಬಂದೀಯಲ್ಲ.
ನಂದು ಇನ್ನೂ ಭಟ್ಟಿಯಾಗೈತೆ.
ಅದು ಆದಾಗ ಆಗ್ತೈತೆ."

ಚೀಲದಿಂದ ಕಲ್ಲು ತೆಗೆದು ಮುಂದಿಟ್ಟೆ.
ಎರಡೂ ಕೈಯಲ್ಲಿ ಎತ್ತಿದಳು,
ಎದೆಗೆ ಆನಿಸಿಕೊಂಡು ನಿಂತಳು.
ಎಷ್ಟು ಹೊತ್ತೋ.
ಮಂಡಕ್ಕಿ ರಾಶಿಯ ಮೇಲಿನ ತಾಡಪಾಲು
ಗಾಳಿಗೆ ಏಳುತ್ತಿತ್ತು.
ಅದರ ಅಂಚಿಗೆ ಇಟ್ಟಳು.

ರಾತ್ರಿ ನಮ್ಮ ಬಾಗಿಲು ಬಡಕೊಂಡಿತು.
ಕಲ್ಲೆಲ್ಲಿ, ಎಂದಳು ಫಿಲೋಮಿನಾ ನಿದ್ದೆಗಣ್ಣಲ್ಲಿ.
ಬೆಳಗ್ಗೆ ಇವಳಿಗೂ ಹೇಳಬೇಕು,
ಕಚೇರಿ ತೆರೆಯುವ ಮೊದಲು.
ಗಾಳಿ ಬಂತು. ಬಾಗಿಲು ತೆರೆಯಿತು,
ಸುಯ್ ಎಂದಿತು, ಮುಚ್ಚಿತು, ಮತ್ತೆ ತೆರೆಯಿತು.
ಎದ್ದು ಚಿಲಕ ಹಾಕಬಹುದಿತ್ತು.
ಹಾಕಲಿಲ್ಲ.
ಅದನ್ನೇ ಕೇಳುತ್ತ ನಿದ್ದೆಹೋದೆ.